ಹೊಸ ಮನೆ ಇನ್ನೂ ಮಳೆ ಕಂಡಿಲ್ಲ

ಪ್ರಶ್ನೆ: ಸರ್, ಕಲಬುರಗಿಯ ಸೇಡಂ ರಸ್ತೆ ಕಡೆ 30×40 ಪ್ಲಾಟಿನಲ್ಲಿ ಬಿಲ್ಡರ್ ಕಟ್ಟಿದ ಹೊಸ ಮನೆ ನೋಡಿದ್ದೇವೆ. ಬಣ್ಣ, ಟೈಲ್ಸ್, ಅಡುಗೆಮನೆ ಎಲ್ಲ ಚೆನ್ನಾಗಿದೆ. ಮನೆಯವರಿಗೂ ಹಿಡಿಸಿದೆ. ಈ ತಿಂಗಳೇ ರಿಜಿಸ್ಟ್ರಿ ಮಾಡಿಸಿಕೊಳ್ಳಿ, ಹೊಸ ಮನೆಯಲ್ಲಿ ನೋಡೋದೇನಿದೆ ಅಂತ ಬಿಲ್ಡರ್ ಅವಸರ ಮಾಡುತ್ತಿದ್ದಾರೆ. ಏನು ನೋಡಬೇಕು?
– ಶಾಲಾ ಶಿಕ್ಷಕ, ಕಲಬುರಗಿ

ಉತ್ತರ: ಹೊಸದು ಅಂತಲೇ ಜಾಸ್ತಿ ನೋಡಬೇಕು, ಮೇಷ್ಟ್ರೇ. ಹತ್ತು ವರ್ಷದ ಹಳೆ ಮನೆ ತನ್ನ ರೋಗವನ್ನು ಗೋಡೆ ಮೇಲೆ ತೋರಿಸಿಕೊಂಡು ನಿಂತಿರುತ್ತದೆ. ಹೊಸದು ಇನ್ನೂ ಒಂದು ಮಳೆಗಾಲ ಕಂಡಿಲ್ಲ, ಒಂದು ಮೇ ತಿಂಗಳು ಕಂಡಿಲ್ಲ.

ನಮ್ಮ ಕಡೆ ಇದು ಇಷ್ಟು ಮುಖ್ಯ ಆಗೋದು ಎರೆಮಣ್ಣಿನಿಂದ. ತೊಗರಿಗೆ ಅದು ಬಂಗಾರ, ಮನೆಗೆ ತಲೆನೋವು. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಹೊಲದಲ್ಲಿ ನೀವೇ ನೋಡಿರುತ್ತೀರಿ. ಎರೆ ಆಳವಾಗಿರುವ ಕಡೆ ಮೇಲಿನ ಮೂರು, ಮೂರೂವರೆ ಮೀಟರ್ ಮಣ್ಣು ವರ್ಷಾ ವರ್ಷ ಹೀಗೆ ಏರಿ ಇಳಿಯುತ್ತದೆ. ಪಾಯ ಅದರೊಳಗೇ ನಿಂತಿದ್ದರೆ ಮನೆಯೂ ಅದರ ಜೊತೆ ಏರುತ್ತದೆ, ಇಳಿಯುತ್ತದೆ. ಇಡೀ ಮನೆ ಒಂದೇ ಸಮ ಏರಿದರೆ ಅಡ್ಡಿಯಿಲ್ಲ, ಆದರೆ ಒಂದು ಮೂಲೆ ಏರಿ ಇನ್ನೊಂದು ಅಲ್ಲೇ ನಿಲ್ಲುತ್ತದೆ ನೋಡಿ, ಆಗ ಕಿಟಕಿ ಮೂಲೆಯಿಂದ ಓರೆಯಾಗಿ ಗೋಡೆ ಸೀಳುತ್ತದೆ.

ಹಾಗಾಗಿ ಟೈಲ್ಸ್ ಬಿಟ್ಟು ಪಾಯದ ಬಗ್ಗೆ ಕೇಳಿ. ಎಷ್ಟು ಅಡಿ ಇಳಿಸಿದ್ದೀರಿ, ಗಟ್ಟಿ ಮುರುಮು (ಕಲ್ಲು ಬೆರೆತ ಗಟ್ಟಿ ಮಣ್ಣು) ಅಥವಾ ಬಂಡೆ ಸಿಕ್ಕಿತಾ? ಸಿಗದಿದ್ದರೆ ಅಂಡರ್ ರೀಮ್ಡ್ ಪೈಲ್ ಹಾಕಿದ್ದೀರಾ? ಅದು ತುದಿಯಲ್ಲಿ ಗಡ್ಡೆಯ ಹಾಗೆ ಅಗಲವಾಗಿರುವ ಕಂಬ, ಮಣ್ಣು ಅಲುಗದ ಆಳಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ. ಪ್ಲಿಂತ್ ಬೀಮ್, ಅಂದರೆ ಪಾಯದ ಮೇಲೆ ಗೋಡೆಗಳ ಬುಡವನ್ನು ಒಟ್ಟಿಗೆ ಕಟ್ಟುವ ಕಾಂಕ್ರೀಟ್ ಪಟ್ಟಿ, ಸುತ್ತಲೂ ಇದೆಯಾ? ನೆಲದ ಕೆಳಗೆ ತುಂಬಿದ್ದು ಮುರುಮೋ, ಅಗೆದ ಎರೆಮಣ್ಣೋ? ಅಗೆದದ್ದನ್ನೇ ವಾಪಸ್ ತುಂಬಿದ್ದರೆ ನೀವು ಮೆಚ್ಚಿದ ಆ ಟೈಲ್ಸೇ ಮೊದಲು ಎದ್ದು ನಿಲ್ಲುತ್ತವೆ. ಪಾಯ ತೋಡಿದಾಗಿನ ಫೋಟೋ ಯಾರದ್ದಾದರೂ ಮೊಬೈಲಿನಲ್ಲಿ ಇದ್ದೇ ಇರುತ್ತದೆ, ತೋರಿಸಿ ಅನ್ನಿ. ತೋರಿಸದಿದ್ದರೆ ಪಕ್ಕದ ಪ್ಲಾಟಿನ ಗೌಂಡಿಯನ್ನು ಮಾತಾಡಿಸಿ. ಆ ಸಾಲಿನಲ್ಲಿ ಎಷ್ಟು ಅಡಿಗೆ ಮುರುಮು ಹತ್ತುತ್ತದೆ ಅನ್ನೋದು ಅವನಿಗೆ ಬಾಯಿಪಾಠ.

ನನ್ನದೇ ಕತೆ ಹೇಳಿಬಿಡುತ್ತೇನೆ. ಊರವರಿಗೆಲ್ಲ ನಕ್ಷೆ ಬರೆದುಕೊಡುವ ನಾನು ನನ್ನ ಮೊದಲ ಮನೆಯನ್ನು ಜನವರಿಯ ಒಣ ಹವೆಯಲ್ಲಿ, ಅಮಾವಾಸ್ಯೆ ಬರುವುದರೊಳಗೆ ಮುಗಿಸಬೇಕು ಅನ್ನುವ ಅವಸರದಲ್ಲಿ, ಒಂದೂ ಪ್ರಶ್ನೆ ಕೇಳದೆ ಕೊಂಡೆ. ಆಗಸ್ಟಿಗೆ ದೇವರ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಬಿಲ್ಡರ್ ಬಡಗಿಯನ್ನು ಕಳಿಸಿ ಬಾಗಿಲ ಅಂಚು ಕೆತ್ತಿಸಿದ, ಬಿರುಕಿಗೆ ಪುಟ್ಟಿ ಮೆತ್ತಿಸಿದ. ಬೇಸಿಗೆ ಬಂತು, ಅದೇ ಬಾಗಿಲ ಮೇಲೆ ಬೆರಳು ತೂರುವಷ್ಟು ಸಂದು! ಅಗೆಸಿ ನೋಡಿದರೆ ಪಾಯ ನಾಲ್ಕೇ ಅಡಿ, ಪಕ್ಕದಲ್ಲಿ ಬಚ್ಚಲಿನ ಪೈಪು ಜಿನುಗುತ್ತಿತ್ತು. ಎರೆಮಣ್ಣಿಗೆ ಒಂದೇ ಕಡೆಯಿಂದ ನೀರು ಕುಡಿಸುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಅದಕ್ಕೇ ಗೋಡೆ ಸುತ್ತ ಮೂರು ಅಡಿ ಶಹಾಬಾದ್ ಫರಸಿಯೋ ಕಾಂಕ್ರೀಟೋ ಹಾಸಿರಬೇಕು, ಇಳಿಜಾರು ಹೊರಗಡೆಗೆ ಇರಬೇಕು. ಬಚ್ಚಲಲ್ಲಿ ನಾಲ್ಕು ಬಕೆಟ್ ನೀರು ಸುರಿದು ಎತ್ತ ಹರಿಯುತ್ತದೆ ನೋಡಿ. ಬಿಲ್ಡರ್ ಮುಖ ಸಿಂಡರಿಸಿದರೂ ಸುರಿಯಿರಿ.

ನಳದ ವಿಷಯ ಮರೆಯಬೇಡಿ. ನಗರಕ್ಕೆ ಭೀಮಾ, ಬೆಣ್ಣೆತೊರೆ ನೀರು ಬರುತ್ತದೆ ಅಂದ ಮಾತ್ರಕ್ಕೆ ನಿಮ್ಮ ಬಡಾವಣೆಗೂ ಬರುತ್ತದೆ ಅಂತಲ್ಲ. ಬರೀ ಬೋರಿನ ಮೇಲೆ ನಿಂತಿದ್ದರೆ ಆ ನೀರನ್ನು ಒಂದು ಲೋಟ ಕುಡಿದು ನೋಡಿ.

ಎಲ್ಲಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಅದೇ ಬಿಲ್ಡರ್ ಎರಡು ಮೂರು ವರ್ಷದ ಹಿಂದೆ ಕಟ್ಟಿದ ಮನೆಗೆ ಹೋಗಿ, ಒಂದು ಚಹಾ ಕುಡಿದು ಬನ್ನಿ. ಅಲ್ಲಿನ ಗೃಹಿಣಿ ಹತ್ತು ನಿಮಿಷದಲ್ಲಿ ಹೇಳುವಷ್ಟು ನಾನು ಈ ಇಡೀ ಪುಟದಲ್ಲಿ ಹೇಳಲಾರೆ.

ಪ್ರಶ್ನೆ: ಬೀದರಿನಲ್ಲಿ 40 ಲಕ್ಷದ ಫ್ಲ್ಯಾಟ್ ನೋಡಿದ್ದೇವೆ. 24 ಫ್ಲ್ಯಾಟ್ ಇರುವ ಹೊಸ ಕಟ್ಟಡ. ಈಗಲೇ 8 ಲಕ್ಷ ಸಂಚಕಾರ ಕೇಳುತ್ತಿದ್ದಾರೆ. ರೇರಾ ಇದೆ, ಬ್ಯಾಂಕಿನ ವಕೀಲರೂ ಕಾಗದ ನೋಡಿದ್ದಾರೆ. ಇನ್ನೇನು ಭಯ, ಅಲ್ವಾ?
– ನರ್ಸ್, ಬೀದರ್

ಉತ್ತರ: ರೇರಾ ಇದೆ ಅಂದವರಿಗೆ ರೇರಾದ ಮಾತನ್ನೇ ತೋರಿಸಿ, ಅಕ್ಕಾ. ರೇರಾ ಅಂದರೆ ಮನೆ ಕೊಳ್ಳುವವರ ರಕ್ಷಣೆಗೆ ಬಂದ ರಿಯಲ್ ಎಸ್ಟೇಟ್ ಕಾಯ್ದೆ. 2016ರ ಆ ಕಾಯ್ದೆ ಪ್ರಕಾರ ಮಾರಾಟ ಕರಾರು ನೋಂದಣಿ ಆಗದೆ ಬೆಲೆಯ 10%ಕ್ಕಿಂತ ಜಾಸ್ತಿ ಹಣ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಲೆಕ್ಕಕ್ಕೆ 4 ಲಕ್ಷ. ಕಟ್ಟಡದ ರೇರಾ ನೋಂದಣಿ ನಂಬರನ್ನು ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ, ಜಾಹೀರಾತಿನ ನಕ್ಷೆಗೂ ಅಲ್ಲಿರುವ ನಕ್ಷೆಗೂ ತಾಳೆಯಾಗಬೇಕು. ಮನೆ ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕಟ್ಟಡದ ದೋಷ, ಕಳಪೆ ಕೆಲಸ ಕಂಡರೆ ತಿಳಿಸಿದ 30 ದಿನದಲ್ಲಿ ಬಿಲ್ಡರ್ ಪುಕ್ಕಟೆ ಸರಿಮಾಡಿಕೊಡಬೇಕು. ದೂರು ಬರಹದಲ್ಲಿರಲಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಮೊದಲ ಪತ್ರದ ಮೇಷ್ಟ್ರು ಇಲ್ಲಿ ಕಿವಿಗೊಡಬೇಕು. ಜಾಗ 500 ಚದರ ಮೀಟರ್ ದಾಟದಿದ್ದರೆ, ಅಥವಾ 8ಕ್ಕಿಂತ ಹೆಚ್ಚು ಮನೆ ಇಲ್ಲದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. 30×40ರ ಒಂಟಿ ಮನೆಯಾದರೆ ಆ 5 ವರ್ಷದ ಮಾತನ್ನು ನೀವೇ ಕರಾರಿನಲ್ಲಿ ಬರೆಸಿಕೊಳ್ಳಬೇಕು.

ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಸಾಲಕ್ಕಾಗಿ. ನಿಮ್ಮದೇ ವಕೀಲರು ಬೇಕು. ಋಣಭಾರ ಪತ್ರದಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ, ಮನೆಯೊಳಗಿನ ಜಗಳ ಕಾಣುವುದಿಲ್ಲ. ಕಟ್ಟಡ ಎದ್ದ ಜಾಗ ಯಾರದೋ ಹೊಲವೇ ಆಗಿತ್ತಲ್ಲ, ಅದನ್ನು ಮಾರಿದಾಗ ಹೆಣ್ಣುಮಕ್ಕಳ ಸಹಿ ಆಗಿದೆಯಾ ನೋಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಗಿದೆ. 'ತಂಗಿ ಏನೂ ಅನ್ನಲ್ಲ' ಅನ್ನುವ ಅಣ್ಣನ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. ಎನ್.ಎ. ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಆದೇಶ), ಇ-ಖಾತಾ (ಆಸ್ತಿ ಯಾರ ಹೆಸರಿನಲ್ಲಿದೆ ಅನ್ನುವ ಸ್ಥಳೀಯ ಸಂಸ್ಥೆಯ ಡಿಜಿಟಲ್ ದಾಖಲೆ) ಕೇಳಿ. ಪಂಚಾಯಿತಿ ವ್ಯಾಪ್ತಿಯಾದರೆ ನಮೂನೆ 9 ಮತ್ತು 11ಎ. 11ಬಿ ಅಂದರೆ ನಿಯಮದ ಪ್ರಕಾರ ಮಂಜೂರಾಗದ ಆಸ್ತಿಯ ದಾಖಲೆ, ಅದನ್ನು ಕೈಗಿಟ್ಟರೆ ಅಲ್ಲೇ ನಿಲ್ಲಿ.

ಪ್ರಶ್ನೆ: ಯಾದಗಿರಿಯಲ್ಲಿ ಹೊಸ ಮನೆ ಕೊಂಡು ಆರು ತಿಂಗಳು. ಗೋಡೆ ತುಂಬ ಕೂದಲೆಳೆಯಂಥ ಬಿರುಕು. ಮೋಸ ಹೋದೆವಾ?

ಉತ್ತರ: ಜೇಡರ ಬಲೆಯ ಹಾಗೆ ಹರಡಿದ್ದರೆ ಅದು ಬಹುಮಟ್ಟಿಗೆ ಗಾರೆಯದು. ನಮ್ಮ ಬಿಸಿಲಿಗೆ ಸರಿಯಾಗಿ ನೀರು ಹೊಡೆಯದಿದ್ದರೆ ಪ್ಲಾಸ್ಟರ್ ಬೇಗ ಒಣಗಿ ಹೀಗಾಗುತ್ತದೆ. ನೋಡಲು ಕೆಟ್ಟದು, ಮನೆ ಬೀಳಲ್ಲ. ಓರೆಯಾಗಿದ್ದು ಗೋಡೆಯ ಎರಡೂ ಬದಿ ಕಂಡರೆ ಇಂಜಿನಿಯರನ್ನು ಕರೆಸಿ. ಯಾವುದು ಅಂತ ತಿಳಿಯದಿದ್ದರೆ ಬಿರುಕು ನಿಂತ ತುದಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಒಂದು ಮಳೆಗಾಲ ಕಳೆದ ಮೇಲೆ ಬಿರುಕು ಗೆರೆ ದಾಟಿದ್ದರೆ ಆ ಗೋಡೆಯ ಫೋಟೋ ಜೊತೆ ಮತ್ತೆ ಬರೆಯಿರಿ. ಅಲ್ಲಿಯವರೆಗೆ ಪುಟ್ಟಿ ಹಚ್ಚಿಸಬೇಡಿ.