140ಕ್ಕೆ 31 ಬಂತು, ಕಟ್-ಆಫ್ ಎಷ್ಟ್ರಿ ಮೇಡಂ?

ಮನಸ್ಸು ಕುಸಿದವರಿಗೆ "ಏನಾದರೂ ಹವ್ಯಾಸ ಇಟ್ಕೊಳ್ಳಿ" ಅನ್ನೋದು ಎಲ್ಲರೂ ಕೊಡುವ ಸಲಹೆ. ಸೋದರಮಾವ ಕೊಡ್ತಾರೆ, ಪಕ್ಕದ ಮನೆಯವರು ಕೊಡ್ತಾರೆ, ಕಲಬುರಗಿಯಲ್ಲಿ ಆಪ್ತಸಲಹೆ ಮಾಡುವ ನಾನೂ ಕೊಡುತ್ತೇನೆ. ಆ ಸಲಹೆಯನ್ನು ನಾನೇ ತಪ್ಪಾಗಿ ಕೊಟ್ಟ ಪ್ರಕರಣ ಇದು. ಅದೇ ಥರದ ಹುಡುಗರು ಈ ವರ್ಷವೂ ಬಂದರು, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಆತನ ಒಪ್ಪಿಗೆ ಇದೆ.

ಆತನಿಗೆ 29. ಜಿಲ್ಲೆಯದೇ ಒಂದು ಹಳ್ಳಿ, ಮನೆಯಲ್ಲಿ ತೊಗರಿ ಬೆಳೆಯುತ್ತಾರೆ. ಐದು ವರ್ಷದಿಂದ ಇಲ್ಲಿ ರೂಮ್ ಮಾಡಿ ಎಫ್‌ಡಿಎ, ಪಿಡಿಒ, ಪಿಎಸ್‌ಐ ಅಂತ ಸರ್ಕಾರಿ ನೌಕರಿಗೆ ಕರೆದ ಪರೀಕ್ಷೆಯೆಲ್ಲ ಬರೆದಿದ್ದ. ಎರಡು ಸಲ ಸ್ವಲ್ಪದರಲ್ಲಿ ಕೈತಪ್ಪಿತ್ತು. ನಮ್ಮ ಭಾಗದ ಹುಡುಗರಿಗೆ ಇದರಲ್ಲಿ ಇನ್ನೊಂದು ಪೆಟ್ಟು ಇದೆ. 2013ರಲ್ಲಿ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಇಲ್ಲಿಯವರಿಗೆ ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು, ಅದು ಬೇಕಾಗಿಯೇ ಇತ್ತು. ಆದರೆ ಊರಿಗೆ ಹೋದಾಗ ದೊಡ್ಡಪ್ಪ ಕೇಳೋದು ಹೀಗೆ: "ನಮ್ಮವರಿಗಂತನೇ ಜಾಗ ಇಟ್ಟಾರ, ಆದ್ರೂ ನಿನಗ ಆಗಲಿಲ್ಲಲ್ಲೋ?" ಆಮೇಲೆ ಆತ ಊರಿಗೆ ಹೋಗೋದು ಬಿಟ್ಟ. ಲೈಬ್ರರಿ ಬಿಟ್ಟ. ರಾತ್ರಿ ಮೂರರವರೆಗೆ ಮೊಬೈಲ್, ಬೆಳಿಗ್ಗೆ ಹನ್ನೊಂದಕ್ಕೆ ಎಚ್ಚರ. ರೂಮ್‌ಮೇಟ್ ಒಬ್ಬ ಜುಲುಮೆ ಮಾಡಿ ಕರೆದುಕೊಂಡು ಬಂದಿದ್ದ.

ಮೊದಲ ದಿನವೇ ನೇರವಾಗಿ ಕೇಳಿದೆ, ಸಾಯಬೇಕು ಅನಿಸುತ್ತಾ ಅಂತ. ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ಜನ ಹೆದರುತ್ತಾರೆ. ಹಾಗೇನೂ ಆಗೋದಿಲ್ಲ, ಕೇಳಲೇಬೇಕು. "ಅಷ್ಟಿಲ್ರಿ, ಆದರ ಏಳೋದೇ ಬ್ಯಾಡ ಅನಸ್ತದ" ಅಂದ. ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಸದ್ಯಕ್ಕೆ ಮಾತ್ರೆ ಬೇಡ, ತಿಂಗಳು ಬಿಟ್ಟು ನೋಡೋಣ ಅಂದರು.

ಆಮೇಲೆ ಶುರುವಾಯಿತು ನನ್ನ ಜಾಣತನ. ಕುಸಿದ ಮನಸ್ಸಿಗೆ ಯಾವುದೂ ಬೇಡ ಅನಿಸುತ್ತೆ. ಬೇಡ ಅಂತ ಬಿಟ್ಟರೆ ಖುಷಿ ಸಿಗುವ ದಾರಿಗಳೂ ಮುಚ್ಚುತ್ತವೆ, ಮನಸ್ಸು ಇನ್ನೂ ಕೆಳಗೆ ಹೋಗುತ್ತೆ. ಅದಕ್ಕೆ ಮನಸ್ಸು ಬರಲಿ ಅಂತ ಕಾಯದೆ ಮೊದಲು ಕೆಲಸ ಶುರು ಮಾಡಿಸೋದು, ಮನಸ್ಸು ಹಿಂದಿನಿಂದ ಬರುತ್ತೆ. ಇದಕ್ಕೆ ಬಿಹೇವಿಯರಲ್ ಆ್ಯಕ್ಟಿವೇಶನ್ ಅಂತಾರೆ. 1970ರ ದಶಕದಲ್ಲಿ ಅಮೆರಿಕದ ಪೀಟರ್ ಲೆವಿನ್‌ಸನ್ ಇದಕ್ಕೆ ಬುನಾದಿ ಹಾಕಿದರು. 1996ರಲ್ಲಿ ನೀಲ್ ಜೇಕಬ್‌ಸನ್ ತಂಡ ಹೋಲಿಸಿ ನೋಡಿದಾಗ, ಬರೀ ಈ ಚಟುವಟಿಕೆಯ ಭಾಗವೇ ಯೋಚನೆ ತಿದ್ದುವ ಪೂರ್ತಿ ಚಿಕಿತ್ಸೆಯಷ್ಟು ಕೆಲಸ ಮಾಡಿತ್ತು. ಸಿದ್ಧಾಂತ ಸರಿಯಾಗೇ ಇದೆ. ನಾನು ಒಂದು ಹಾಳೆ ಕೊಟ್ಟೆ. ದಿನಕ್ಕೊಂದು ಹವ್ಯಾಸ: ಸಂಜೆ ಅಪ್ಪನ ಕೆರೆ ಸುತ್ತ ವಾಕಿಂಗ್, ಶಾಲೆಯಲ್ಲಿ ಬಿಡಿಸುತ್ತಿದ್ದನಂತೆ, ಹಾಗಾಗಿ ಚಿತ್ರ, ಒಂದು ದಿನ ಭಜನೆ. ಪಕ್ಕದಲ್ಲಿ ಎರಡು ಕಾಲಂ. ಎಷ್ಟು ಖುಷಿ ಆಯಿತು, ಮಾಡಿ ಮುಗಿಸಿದ ತೃಪ್ತಿ ಎಷ್ಟು, ಹತ್ತಕ್ಕೆ ನಂಬರ್ ಹಾಕಬೇಕು. ನಾವೆಲ್ಲ ಕೊಡುವ ಹಾಳೆಯೇ ಅದು.

ಮುಂದಿನ ವಾರ ಬಂದ. ಹಾಳೆ ನೀಟಾಗಿ ತುಂಬಿತ್ತು, ಸ್ಕೇಲ್ ಇಟ್ಟು ಗೆರೆ ಹೊಡೆದಿದ್ದ. ಕೆಳಗೆ ಕೆಂಪು ಪೆನ್ನಿನಲ್ಲಿ ಒಟ್ಟು ಮೊತ್ತ.

"140ಕ್ಕೆ 31 ಬಂತು. ಕಟ್-ಆಫ್ ಎಷ್ಟ್ರಿ ಮೇಡಂ?"

ತಮಾಷೆ ಅಂತ ನಕ್ಕುಬಿಟ್ಟೆ. ಆತ ನಗಲಿಲ್ಲ. "ಇದರಾಗೂ ಆಗಲಿಲ್ರಿ" ಅಂದ. ಐದು ವರ್ಷ ನಂಬರಿಗೆ ಹೆದರಿ ಮಲಗಿದವನ ಕೈಗೆ ನಾನು ಇನ್ನೊಂದು ಓಎಂಆರ್ ಶೀಟ್ ಕೊಟ್ಟು ಕಳಿಸಿದ್ದೆ!

ಏನು ಹೇಳಬೇಕೋ ತೋಚಲಿಲ್ಲ. ಏಪ್ರಿಲ್ ತಿಂಗಳು, ಹೊರಗೆ ಕೆಂಡದಂಥ ಬಿಸಿಲು. ರೂಮಿನ ಮೂಲೆಯಲ್ಲಿ ನನ್ನ ಕೂಲರ್ ಬರೀ ಸದ್ದು ಮಾಡುತ್ತಿತ್ತು, ಗಾಳಿ ತಣ್ಣಗಿರಲಿಲ್ಲ. ಆತ ಬಂದಾಗಿನಿಂದ ಅದನ್ನೇ ನೋಡುತ್ತಿದ್ದ. "ಪಂಪ್ ನೀರು ಎತ್ತವಲ್ದುರಿ. ಜಾಲರಿ ಕಟ್ಟ್ಯಾದ ಅನಸ್ತದ" ಅಂದ. ನಿಮಗೆ ಗೊತ್ತಾ ಅಂದೆ. "ನಮ್ಮ ರೂಮಿಂದು ನಾನೇ ಮಾಡ್ತೀನ್ರಿ" ಅಂದ. ಇದು ನನ್ನ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಇದು ಹವ್ಯಾಸ ಅಂತ ಆತನಿಗೆ ಅನಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೊದಲು ಪ್ಲಗ್ ಕಿತ್ತ. ನೀರು ಮತ್ತು ಕರೆಂಟು ಒಂದೇ ಡಬ್ಬಿಯಲ್ಲಿರುವ ಯಂತ್ರ, ಆತ ಅದನ್ನು ಮರೆಯಲಿಲ್ಲ. ಹುಲ್ಲಿನ ಜಾಳಿಗೆ ಬಿಚ್ಚಿ ಗೋಡೆಗೆ ಒರಗಿಸಿದ. ಕೈಹಾಕಿ ಪಂಪ್ ತೆಗೆದ. ನಮ್ಮ ಬೋರಿನ ಗಡಸು ನೀರಿಗೆ ಅದರ ಮೇಲೆ ಸುಣ್ಣದಂಥ ಬಿಳಿ ಪದರ ಗಟ್ಟಿಯಾಗಿತ್ತು, ಜಾಲರಿಯಲ್ಲಿ ಹುಲ್ಲಿನ ಎಳೆ ಸಿಕ್ಕಿತ್ತು. "ನಿಂಬೆಹಣ್ಣು ಅದಾವೇನ್ರಿ?" ನಮ್ಮ ಆಯಾ ಚಹಾದಂಗಡಿಯಿಂದ ಒಂದು ಹಣ್ಣು ಇಸಕೊಂಡು ಬಂದಳು. ಅರ್ಧ ಹೋಳಿನಿಂದ ತಿಕ್ಕಿದ, ಸ್ವಲ್ಪ ಹೊತ್ತು ಬಿಟ್ಟ, ಹಳೆ ಟೂತ್‌ಬ್ರಶ್‌ನಿಂದ ಉಜ್ಜಿದ. ಪದರ ಎದ್ದು ಬಂತು. ಮತ್ತೆ ಜೋಡಿಸಿ ಸ್ವಿಚ್ ಹಾಕಿದಾಗ ನೀರು ಹುಲ್ಲಿನ ಮೇಲಿಂದ ಇಳಿಯೋ ಸದ್ದು ಬಂತು, ಒದ್ದೆ ಹುಲ್ಲಿನ ವಾಸನೆ ಬಂತು. ಗಡಿಯಾರ ನೋಡಿದೆ, ನಲವತ್ತು ನಿಮಿಷ ಆಗಿತ್ತು. ಆತ ನೋಡಿರಲಿಲ್ಲ.

"ಇದಕ್ಕೆ ಹತ್ತಕ್ಕೆ ಎಷ್ಟು?" ಅಂತ ಕೇಳಬೇಕು ಅನಿಸಿತು. ಪುಣ್ಯಕ್ಕೆ ಕೇಳಲಿಲ್ಲ.

ಇದನ್ನು ಹೇಳಿದಾಗ ನನ್ನ ಜೊತೆಗಾರರೊಬ್ಬರು ಬೈದರು. ಫೀಸ್ ಕೊಟ್ಟು ಬಂದವನ ಕೈಯಲ್ಲಿ ಕೂಲರ್ ರಿಪೇರಿ ಮಾಡಿಸ್ತೀರಾ ಅಂತ. ಆ ದಿನದ ಫೀಸ್ ತಗೊಳ್ಳಲಿಲ್ಲ, ಆದರೂ ಅವರ ಮಾತಿನಲ್ಲಿ ನ್ಯಾಯ ಇದೆ. ಇನ್ನೊಬ್ಬರಿಗೆ ನಾನು ಹಾಗೆ ಮಾಡಿಸೋದಿಲ್ಲ. ಅವತ್ತು ಮಾತ್ರ ಮಾತಿಗಿಂತ ಅದೇ ಸರಿಯಾಗಿತ್ತು ಅಂತ ಈಗಲೂ ನಂಬಿದ್ದೇನೆ.

ಕೊಟ್ಟ ಸಲಹೆ ಇಷ್ಟೇ. ಹಾಳೆ ಬೇಡ. ವಾರಕ್ಕೆ ಎರಡು ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಹಾಸಿಗೆ ಹೆಚ್ಚು ಎಳೆಯುವ ಹೊತ್ತಿಗೆ, ಒಂದು ಕೆಟ್ಟ ವಸ್ತು ಬಿಚ್ಚಿ ಕೂರಬೇಕು. ಮನಸ್ಸಿಲ್ಲದಿದ್ದರೂ ಹತ್ತು ನಿಮಿಷ ಕೂತು ಏಳಬೇಕು. ಸರಿಹೋಗದಿದ್ದರೂ ನಡೆಯುತ್ತೆ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಬಾರದು. ಆರು ತಿಂಗಳು ದುಡ್ಡು ತಗೋಬಾರದು, ಚಹಾ ಕುಡಿಸಿದರೆ ಕುಡಿಯಬಹುದು.

ಕೊನೆಯದಕ್ಕೆ ಮನೆಯವರು ಸಿಟ್ಟಾದರು. ಅಣ್ಣ ಫೋನ್ ಮಾಡಿ, "ಕೈಯಾಗ ಹುನ್ನರ್ ಅದ ಅಂದ್ರ ಅಂಗಡಿ ಹಾಕಿಸ್ತೀವಿ, ನೀವ್ಯಾಕ ಬ್ಯಾಡಂತೀರಿ?" ಅಂದ. ಸಾಲದ ಮನೆ, ಕೇಳೋದು ತಪ್ಪಲ್ಲ. ಆದರೆ ಅಂಗಡಿ ಅಂದ ಕೂಡಲೇ ದಿನಕ್ಕೆಷ್ಟು ಬಂತು ಅನ್ನೋ ಲೆಕ್ಕ ಶುರುವಾಗುತ್ತೆ, ಅಲ್ವಾ? ಲೆಕ್ಕದಲ್ಲಿ ಸೋತು ಮಲಗಿದವನಿಗೆ ಲೆಕ್ಕವಿಲ್ಲದ ಒಂದು ಜಾಗ ಬೇಕಿತ್ತು. ಆರು ತಿಂಗಳಾದ ಮೇಲೆ ಏನು ಬೇಕಾದರೂ ಮಾಡಿ ಅಂದೆ. ಅಣ್ಣ ಪೂರ್ತಿ ಒಪ್ಪಲಿಲ್ಲ.

ಓದುವವರಿಗೆ ಒಂದು ಮಾತು. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ ಅಂದರೆ ಹವ್ಯಾಸ ಹುಡುಕುತ್ತಾ ಕೂರಬೇಡಿ, ಮೊದಲು ವೈದ್ಯರಿಗೆ ತೋರಿಸಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆತನಿಗೆ ಇನ್ನೂ ನೌಕರಿ ಆಗಿಲ್ಲ. ಲೈಬ್ರರಿಗೆ ಮತ್ತೆ ಹೋಗುತ್ತಿದ್ದಾನೆ, ದಿನಾ ಅಲ್ಲ. ಈಗ ನನ್ನ ಹಾಳೆಯಲ್ಲಿ ನಂಬರಿನ ಕಾಲಂ ಇಲ್ಲ, ಏನಾಯಿತು ಅಂತ ಒಂದೆರಡು ಸಾಲು ಬರೆದರೆ ಸಾಕು. ಮೇ ತಿಂಗಳಲ್ಲಿ ಆತ ಒಂದು ಚೀಟಿ ತಂದಿದ್ದ. "ಮಂಗಳವಾರ. ಮೂರನೇ ರೂಮಿನ ಕೂಲರ್. ಹುಲ್ಲು ಬದಲಿಸಿದೆ. ಊಟದ ಹೊತ್ತು ಮರೆತೆ. ಮೆಸ್ ಬಾಗಿಲು ಹಾಕಿತ್ತು. ಆ ರೂಮಿನವರು ರೊಟ್ಟಿ ಕೊಟ್ಟರು, ಅಲ್ಲೇ ಕೂತು ತಿಂದೆ."