ಯಕ್ಷಗಾನದ ವೇಷ: ಹೊಲಿಯಬಾರದೇ?

ಪ್ರಶ್ನೆ: ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಬಡಗುತಿಟ್ಟಿನ (ಬಡಗು, ಅಂದರೆ ಉತ್ತರದ ಶೈಲಿಯ) ಯಕ್ಷಗಾನ ಇದೆ. ವೇಷ ಕಟ್ಟೋಕೆ ತುಂಬಾ ಹೊತ್ತು ಬೇಕಂತೆ. ರೆಡಿಮೇಡ್ ಡ್ರೆಸ್ ಹೊಲಿಸಿದರೆ ತಪ್ಪೇ?
– ಓದುಗರೊಬ್ಬರು, ಸಾಗರ

ಉತ್ತರ: ತಪ್ಪೇನಿಲ್ಲ, ಆದರೆ ಸೊಗಸು ಹೋಗುತ್ತದೆ. ಸೊಂಟದ ಕೆಳಗೆ ಉಡುವ ಚೌಕುಳಿ (ಚೌಕ ಚೌಕ ವಿನ್ಯಾಸದ) ಕಸೆ ಸೀರೆಗೆ ಹೊಲಿಗೆ ಇಲ್ಲ, ಕುಣಿಯುವವರ ಮೈಗೆ ತಕ್ಕಂತೆ ಕಚ್ಚೆ ಹಾಕಿ ಬಿಗಿಯಬೇಕು, ಆಗಲೇ ಹೆಜ್ಜೆಗೆ ಸಲೀಸು. ತಲೆಯ ವೇಷವಾದ ಕೇದಗೆ ಮುಂದಲೆಯೂ ಹಾಗೇ, ಬಟ್ಟೆ, ಜರಿಪಟ್ಟಿ ಸುತ್ತಿ ತಲೆಯ ಮೇಲೇ ಕಟ್ಟುತ್ತಾರೆ. ಭುಜಕೀರ್ತಿ, ಎದೆಪದಕ ನೋಡೋಕೆ ಭಾರ ಅನಿಸಿದರೂ ಹಗುರ ಮರದವು, ಮೇಲೆ ಬೇಗಡೆ, ಕನ್ನಡಿ ಚೂರು. ರಾತ್ರಿಯಿಡೀ ಆಡಬೇಕಲ್ಲ!

ಕಲಿಯೋ ಆಸೆಯಿದ್ದರೆ ಹೊನ್ನಾವರದ ಗುಣವಂತೆ ಕಡೆ ಹೋಗಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಕಟ್ಟಿದ ಮೇಳದ (ಯಕ್ಷಗಾನ ತಂಡದ) ಊರದು, ಅವರ ಮಗ ಶಂಭು ಹೆಗಡೆ ಅಲ್ಲೇ ಶ್ರೀಮಯ ಕಲಾಕೇಂದ್ರ ಶುರು ಮಾಡಿದರು. ಉಡುಪಿಯಲ್ಲೂ ಯಕ್ಷಗಾನ ಕೇಂದ್ರವಿದೆ.

ಇನ್ನು ಸುಮ್ನೆ ನೋಡೋದಾದರೆ ಮಳೆಗಾಲ ಮುಗಿಯಲಿ. ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟ ಹೊರಟು ಮೇ ಕೊನೆಯ ಪತ್ತನಾಜೆಗೆ (ತುಳುವರ ಪ್ರಕಾರ ಆಟದ ಹಂಗಾಮು ಮುಗಿಯುವ ದಿನ) ಗೆಜ್ಜೆ ಬಿಚ್ಚುತ್ತವೆ. ಭಕ್ತರು ಹರಕೆ ಹೊತ್ತು ಆಡಿಸುವ ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಸ್ವಲ್ಪ ಬೇಗ ಹೋಗಿ, ಕೇಳಿಕೊಂಡು ಚೌಕಿಗೆ (ವೇಷ ಕಟ್ಟುವ ಬಣ್ಣದ ಮನೆಗೆ) ಮಗಳನ್ನು ಕರೆದೊಯ್ಯಿರಿ, ಬಣ್ಣ ಬಳಿಯುವುದನ್ನೂ ವೇಷ ಕಟ್ಟುವುದನ್ನೂ ಅವಳೇ ಹತ್ತಿರದಿಂದ ನೋಡಲಿ.