ಬ್ಯೂಲೋ ಸಿಟ್ಟಿನಿಂದ ಗೆದ್ದವರಲ್ಲ

ಓದುಗರ ಪತ್ರ: ಪಿಯಾನೋ ವಾದಕ, ವಾದ್ಯವೃಂದ ನಿರ್ದೇಶಕ ಹ್ಯಾನ್ಸ್ ಫಾನ್ ಬ್ಯೂಲೋ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿ ಬರೀ ಜಗಳಗಳೇ ತುಂಬಿದ್ದವು. ಅಂಥ ಮುಂಗೋಪಿಯ ಕೈಕೆಳಗಿನ ವಾದಕರು ಹೆದರಿಕೆಯಿಂದ ಚೆನ್ನಾಗಿ ನುಡಿಸಿದರೇ? ಮಂಗಳೂರಿನಲ್ಲಿ ನಮ್ಮದೊಂದು ಹತ್ತು ಜನರ ಪಿಟೀಲು, ಚೆಲ್ಲೊ ತಂಡವಿದೆ. ಗದರದಿದ್ದರೆ ಕೆಲಸ ಆಗುವುದಿಲ್ಲ ಎಂದು ನಮ್ಮ ಮಾಸ್ಟರು ಹೇಳುತ್ತಾರೆ.

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಆಕ್ಷೇಪ ಸರಿಯಾಗಿದೆ. ಬ್ಯೂಲೋ (1830–1894) ಸಿಟ್ಟಿಗೆ ಸಾಕ್ಷಿ ಬೇಕಾದಷ್ಟಿದೆ. 1879ರಲ್ಲಿ ಹ್ಯಾನೋವರ್‌ನಲ್ಲಿ ವಾಗ್ನರ್‌ನ ‘ಲೋಹೆಂಗ್ರಿನ್’ ಒಪೆರಾ ನಡೆಸಿದಾಗ ಹಂಸವೀರನ ಪಾತ್ರ ಹಾಡಿದ ಗಾಯಕನ ಮೇಲೆ ರೇಗಿ, ಅವನನ್ನು ಹಂದಿವೀರ ಎಂದುಬಿಟ್ಟರು. ಜರ್ಮನ್‌ನಲ್ಲಿ ಹಂಸ ‘ಶ್ವಾನ್’, ಹಂದಿ ‘ಶ್ವೈನ್’. ಆ ಮಾತಿನ ರಂಪದಲ್ಲಿ ಕೆಲಸವೇ ಹೋಯಿತು. 1885ರಲ್ಲಿ ಬ್ರಾಮ್ಸ್ ಅವರ ನಾಲ್ಕನೇ ಸಿಂಫನಿಯನ್ನು ಫ್ರಾಂಕ್‌ಫರ್ಟ್‌ನಲ್ಲಿ ತಾವು ನಡೆಸಬೇಕೆಂದಿದ್ದರು. ಬ್ರಾಮ್ಸ್ ಅದನ್ನು ಆ ಊರಿನದೇ ವಾದ್ಯವೃಂದದೊಂದಿಗೆ ನಡೆಸಲು ಒಪ್ಪಿಕೊಂಡರೆಂದು ಮೈನಿಂಗನ್ ವಾದ್ಯವೃಂದದ ನಿರ್ದೇಶಕನ ಹುದ್ದೆಗೆ ರಾಜೀನಾಮೆ ಕೊಟ್ಟರು. ಸಿಟ್ಟಿನಿಂದ ಅವರಿಗೆ ದಕ್ಕಿದ್ದು ಇಷ್ಟೇ. ಹೆಸರು ತಂದುಕೊಟ್ಟದ್ದು ಬೇರೆಯೇ.

1880ರಲ್ಲಿ ಮೈನಿಂಗನ್ ಎಂಬ ಪುಟ್ಟ ಸಂಸ್ಥಾನದ ವಾದ್ಯವೃಂದ ಅವರ ಕೈಗೆ ಬಂತು. ವಾದಕರು ಐವತ್ತಕ್ಕಿಂತ ಕಡಿಮೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮೊದಲಿಂದ ಕೊನೆವರೆಗೆ ನುಡಿಸಿ, ತಪ್ಪಿದಲ್ಲಿ ಕೂಗಾಡುವುದು ಆ ಕಾಲದ ಅಭ್ಯಾಸದ ಸಾಮಾನ್ಯ ರೀತಿ. ಬ್ಯೂಲೋ ಅದನ್ನು ಒಡೆದರು. ಪಿಟೀಲಿನವರು ಬೇರೆ, ವಿಯೋಲಾ (ಪಿಟೀಲಿಗಿಂತ ತುಸು ದೊಡ್ಡದು) ಬೇರೆ, ಚೆಲ್ಲೊ ಮತ್ತು ಡಬಲ್ ಬಾಸ್ (ಇವುಗಳಲ್ಲೆಲ್ಲ ದೊಡ್ಡದು, ಆಳದ ದನಿಯದು) ಬೇರೆ. ಆಮೇಲೆ ತಂತಿವಾದ್ಯಗಳೆಲ್ಲ ಒಟ್ಟಿಗೆ. ಊದುವ ವಾದ್ಯಗಳಿಗೆ ಪ್ರತ್ಯೇಕ ಅಭ್ಯಾಸ. ಎಲ್ಲರೂ ಒಟ್ಟು ಸೇರುವುದು ಕೊನೆಗೆ. ಮೂವತ್ತು ಜನರ ಸದ್ದಿನಲ್ಲಿ ಎರಡನೇ ಪಿಟೀಲಿನ (ರಾಗದ ಸಾಲಿಗೆ ಜೊತೆಯ ಸಾಲು ನುಡಿಸುವವರ) ತಪ್ಪು ಯಾರ ಕಿವಿಗೂ ಬೀಳುವುದಿಲ್ಲ, ಒಟ್ಟು ನಾದ ಮಾತ್ರ ಮಸುಕಾಗುತ್ತದೆ. ಗುಂಪು ಚಿಕ್ಕದಾದರೆ ತಪ್ಪು ಎಲ್ಲಿದೆಯೆಂದು ವಾದಕನಿಗೇ ಕೇಳಿಸುತ್ತದೆ, ಗದರುವ ಪ್ರಮೇಯವೇ ಬರುವುದಿಲ್ಲ. ಮೊದಲ ಹಂಗಾಮು ಪೂರ್ತಿ ಬೀಥೋವನ್ ಒಬ್ಬರದೇ ಕೃತಿಗಳು. ಒಂಬತ್ತನೇ ಸಿಂಫನಿಯನ್ನು ಒಂದೇ ಸಂಜೆ ಎರಡು ಸಲ ನುಡಿಸಿದ್ದೂ ಉಂಟು. ಮುಂದೆ ಈ ವಾದಕರು ನಿಂತುಕೊಂಡು, ಸ್ವರಲಿಪಿ ನೋಡದೆ ನುಡಿಸುವಷ್ಟು ಪಳಗಿದರು.

ವಾದ್ಯಗಳನ್ನೂ ಅವರು ಬಿಡಲಿಲ್ಲ. ನಾಲ್ಕು ತಂತಿಯ ಡಬಲ್ ಬಾಸ್ ಕೆಳಗಿನ ‘ಈ’ (E) ಸ್ವರಕ್ಕೆ ನಿಂತುಬಿಡುತ್ತದೆ. ಚೆಲ್ಲೊಗೆ ಬರೆದ ಸ್ವರಸಾಲನ್ನೇ ಒಂದು ಸ್ಥಾಯಿ ಕೆಳಗೆ ನುಡಿಸುವುದು ಹೆಚ್ಚಾಗಿ ಬಾಸ್‌ನ ಕೆಲಸ. ಚೆಲ್ಲೊ ತನ್ನ ಕೊನೆಯ ‘ಸಿ’ (C) ಸ್ವರದವರೆಗೆ ಇಳಿಯುವಾಗ ಬಾಸ್‌ನವನಿಗೆ ಅಷ್ಟು ತಂತಿಯಿರುವುದಿಲ್ಲ, ನಡುವೆಯೇ ಸ್ಥಾಯಿ ಏರಿಸಿಕೊಳ್ಳುತ್ತಾನೆ, ಮೆಟ್ಟಿಲು ತಪ್ಪಿದ ಹಾಗೆ. ಬ್ಯೂಲೋ ಐದು ತಂತಿಯ ಬಾಸ್ ತರಿಸಿದರು, ಇಳಿಯುವ ಸಾಲು ಕೊನೆವರೆಗೂ ಮುರಿಯದೆ ಇಳಿಯಿತು. ಟಿಂಪನಿ ಎಂಬ ದೊಡ್ಡ ನಗಾರಿಗೂ ಹೀಗೇ. ಸುತ್ತಲಿನ ತಿರುಪುಗಳನ್ನು ಒಂದೊಂದಾಗಿ ತಿರುಗಿಸಿ ಶ್ರುತಿ ಬದಲಿಸುವುದರೊಳಗೆ ಸಂಗೀತ ಮುಂದೆ ಹೋಗಿರುತ್ತದೆ, ತಿರುಪು ಸಮನಾಗದಿದ್ದರೆ ನಾದವೂ ಕೆಡುತ್ತದೆ. ಕಾಲಲ್ಲಿ ಒತ್ತುವ ಪೆಡಲ್ ಟಿಂಪನಿ ಬಂದ ಮೇಲೆ ಆ ತಾಪತ್ರಯ ತಪ್ಪಿತು. ಈ ತಂಡವೇ 1882ರಲ್ಲಿ ಬರ್ಲಿನ್‌ಗೆ ಹೋಗಿ ಅಲ್ಲಿನವರನ್ನು ಬೆರಗುಗೊಳಿಸಿತು. 1887ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಅವರನ್ನು ಕರೆಸಿಕೊಂಡಿತು.

ಪಿಯಾನೋ ಮುಂದೆಯೂ ಇದೇ ಪಟ್ಟು. ಲಿಸ್ಟ್ ಅವರ ಬಿ ಮೈನರ್ ಸೊನಾಟಾದ ಮೊದಲ ಸಾರ್ವಜನಿಕ ವಾದನ 1857ರಲ್ಲಿ ಬರ್ಲಿನ್‌ನಲ್ಲಿ, ಇವರಿಂದಲೇ. ನುಡಿಸಲಾಗದ್ದು ಎಂದು ಪಿಯಾನೋ ವಾದಕ ನಿಕೊಲಾಯ್ ರುಬಿನ್‌ಸ್ಟೈನ್ ತಳ್ಳಿಹಾಕಿದ ಚೈಕೋವ್‌ಸ್ಕಿಯವರ ಮೊದಲ ಪಿಯಾನೋ ಕನ್ಚರ್ಟೊವನ್ನು 1875ರ ಅಕ್ಟೋಬರ್ 25ರಂದು ಬಾಸ್ಟನ್‌ನಲ್ಲಿ ಲೋಕಕ್ಕೆ ಕೇಳಿಸಿದವರೂ ಇವರೇ.

ಅವರನ್ನು ಬರೀ ಕೋಪಿಷ್ಠ ಎನ್ನುವವರು 1865ನ್ನು ನೆನೆಯಬೇಕು. ವಾಗ್ನರ್‌ನ ‘ಟ್ರಿಸ್ಟಾನ್’ ಒಪೆರಾದ ಮೊದಲ ವಾದ್ಯವೃಂದ ಅಭ್ಯಾಸ ನಡೆದ ಏಪ್ರಿಲ್ 10ರಂದೇ ಬ್ಯೂಲೋ ಪತ್ನಿ ಕೋಸಿಮಾ, ವಾಗ್ನರ್‌ನಿಂದಾದ ಮಗಳನ್ನು ಹೆತ್ತಳು. ಜೂನ್ 10ರಂದು ಬ್ಯೂಲೋ ಅದೇ ಒಪೆರಾದ ಪ್ರಥಮ ಪ್ರದರ್ಶನ ನಡೆಸಿಕೊಟ್ಟರು. ವಿಚ್ಛೇದನವಾದದ್ದು 1870ರಲ್ಲಿ. ಅದಾದ ಮೇಲೂ ವಾಗ್ನರ್‌ನ ಬೈರಾಯ್ಟ್ ರಂಗಮಂದಿರದ ನಿಧಿಗೆ 40,000 ಮಾರ್ಕ್ ಒದಗಿಸಿದರು. ಮನುಷ್ಯನ ಮೇಲೆ ಎಷ್ಟೇ ನೋವಿದ್ದರೂ ಸಂಗೀತಕ್ಕೆ ಅದನ್ನು ತಾಗಿಸದ ಆ ಗಟ್ಟಿತನ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ಇನ್ನು ನಿಮ್ಮ ತಂಡ. ಒಂದೂವರೆ ಗಂಟೆಯ ಅಭ್ಯಾಸವಿದ್ದರೆ ಮೊದಲ ಇಪ್ಪತ್ತು ನಿಮಿಷ ಎರಡನೇ ಪಿಟೀಲಿನವರನ್ನು, ವಿಯೋಲಾ ಇದ್ದರೆ ಅವರನ್ನೂ ಮಾತ್ರ ಕರೆಯಿರಿ; ಸಾಮಾನ್ಯವಾಗಿ ಯಾರೂ ಗಮನ ಕೊಡದವರು ಅವರೇ. ಮುಂದಿನ ಇಪ್ಪತ್ತು ನಿಮಿಷ ಚೆಲ್ಲೊ ಜೊತೆ ಅವರನ್ನು ಸೇರಿಸಿ, ಅರ್ಧ ವೇಗದಲ್ಲಿ, ರಾಗದ ಸಾಲು ಇಲ್ಲದೆ ನುಡಿಸಿ. ಕಮಾನು ಎಲ್ಲಿ ಮೇಲಕ್ಕೆ, ಎಲ್ಲಿ ಕೆಳಕ್ಕೆ ಎಂದು ಪ್ರತಿಯೊಬ್ಬರ ಹಾಳೆಯಲ್ಲೂ ಪೆನ್ಸಿಲ್‌ನಿಂದ ಗುರುತು ಮಾಡಿರಬೇಕು; ಒಂದೇ ಸಾಲಿನ ಇಬ್ಬರ ಕಮಾನು ಎದುರುಬದುರಾದರೆ ಒತ್ತು ಬೇರೆಬೇರೆ ಕಡೆ ಬೀಳುತ್ತದೆ, ಎಷ್ಟು ತಿದ್ದಿದರೂ ಸೇರುವುದಿಲ್ಲ. ಮೊದಲ ಪಿಟೀಲಿನವರು ನಲವತ್ತು ನಿಮಿಷ ಆದಮೇಲೆ ಬಂದರೆ ಸಾಕು.